ಹಳೆ ಲೆದರ್ ಬ್ಯಾಗಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಹೊಸದಾಗುತ್ತದೆಯೇ? ಮನೆಮದ್ದು ವಿಡಿಯೊಗಳು ಹೇಳದೆ ಬಿಡುವ ಸಂಗತಿ

‘ಹಳೆ ಲೆದರ್ ಬ್ಯಾಗ್ ಎಸೆಯಬೇಡಿ, ಒಂದು ಚಮಚ ಕೊಬ್ಬರಿ ಎಣ್ಣೆ ಸಾಕು’ ಎನ್ನುವ ಧಾಟಿಯ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮಾಸಿದ, ಗೀರು ಬಿದ್ದ ಬ್ಯಾಗಿನ ಮೇಲೆ ಎಣ್ಣೆ ಅದ್ದಿದ ಬಟ್ಟೆ ಓಡಾಡುತ್ತದೆ, ಅರ್ಧ ನಿಮಿಷದಲ್ಲಿ ಬ್ಯಾಗು ಫಳಫಳ ಹೊಳೆಯುತ್ತದೆ. ಇದರಲ್ಲಿ ಎಡಿಟಿಂಗ್ ಮೋಸ ಇರಲೇಬೇಕೆಂದೇನೂ ಇಲ್ಲ. ಎಣ್ಣೆ ಹಚ್ಚಿದರೆ ನಿಜಕ್ಕೂ ಹಾಗೆ ಹೊಳೆಯುತ್ತದೆ. ನಮ್ಮ ತಕರಾರು ಇರುವುದು ವಿಡಿಯೊ ಮುಗಿದ ಮೇಲಿನ ಮೂರು ತಿಂಗಳ ಬಗ್ಗೆ.

ನಮ್ಮ ತಂಡದ ಒಬ್ಬರು ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಚೌಕಾಸಿ ಮಾಡಿ ತಿಳಿಗಂದು ಬಣ್ಣದ ಹ್ಯಾಂಡ್‌ಬ್ಯಾಗ್ ಒಂದನ್ನು ತಂದಿದ್ದರು. ಅಸಲಿ ಲೆದರ್, ಹೊಲಿಗೆ ಗಟ್ಟಿ, ಮೇಲ್ಭಾಗ ಮಾತ್ರ ಒಣಗಿದಂತಿತ್ತು. ಇಂಥದ್ದೇ ಒಂದು ಫಾರ್ವರ್ಡ್ ನೋಡಿ ಕೊಬ್ಬರಿ ಎಣ್ಣೆ ಉಜ್ಜಿದರು. ಮೊದಲ ದಿನ ಎಲ್ಲರೂ ಚೆನ್ನಾಗಿದೆ ಎಂದೆವು. ವಾರದಲ್ಲಿ ಅಲ್ಲಲ್ಲಿ ಕಪ್ಪು ಮಚ್ಚೆ ಮೂಡಿತು. ಮಳೆಗಾಲಕ್ಕೆ ಮಡಿಕೆಗಳಲ್ಲಿ ಬೂಷ್ಟು ಬಂತು. ಬಿಳಿ ಕುರ್ತಾ ಒಂದಕ್ಕೆ ಜಿಡ್ಡಿನ ಕಲೆ ಅಂಟಿತು. ಈ ಲೇಖನಕ್ಕೆ ಆ ಬ್ಯಾಗೇ ಕಾರಣ.

ಸೆಕೆಂಡ್‌ಹ್ಯಾಂಡ್ ಬ್ಯಾಗ್ ಕೊಳ್ಳುವುದು ಈಗ ಸಂಕೋಚದ ವಿಷಯವಾಗಿ ಉಳಿದಿಲ್ಲ. ಇನ್‌ಸ್ಟಾಗ್ರಾಂನ ಥ್ರಿಫ್ಟ್ ಪೇಜುಗಳಿಂದ ತರಿಸಿಕೊಳ್ಳುವವರಿದ್ದಾರೆ, ಅಮ್ಮನೋ ಅತ್ತೆಯೋ ಬೀರುವಿನಲ್ಲಿ ಇಟ್ಟಿದ್ದನ್ನು ಹೊರತೆಗೆಯುವವರಿದ್ದಾರೆ. ಕೆಟ್ಟರೆ ಇನ್ನೊಂದು ತಂದರಾಯಿತು ಎನ್ನುವ ಮಾತು ಎರಡನೆಯ ಬಗೆಯವರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ.

ಲೆದರ್ ಒಳಗೆ ಏನಿದೆ?

ಪ್ರಾಣಿಯ ಚರ್ಮದಲ್ಲಿ ಮುಖ್ಯವಾಗಿರುವುದು ಕೊಲ್ಯಾಜೆನ್ ಎಂಬ ಪ್ರೋಟೀನಿನ ನಾರು. ಹಸಿ ತೊಗಲು ಕೊಳೆಯುತ್ತದೆ, ಸುಮ್ಮನೆ ಒಣಗಿಸಿದರೆ ಹಲಗೆಯಂತೆ ಬಿರುಸಾಗುತ್ತದೆ. ಅದನ್ನು ಕೊಳೆಯದಂತೆ ಮಾಡುವ ಕೆಲಸಕ್ಕೆ ಹದ ಮಾಡುವುದು ಎನ್ನುತ್ತೇವೆ. ನಮ್ಮ ಕಡೆ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಇವೆಲ್ಲ ಇದಕ್ಕೆ ಬಳಕೆಯಾಗಿವೆ. ಇವುಗಳಲ್ಲಿರುವ ಟ್ಯಾನಿನ್, ಅಂದರೆ ಬಾಯಿಗೆ ಒಗರು ಎನಿಸುವ ಅಂಶ, ಕೊಲ್ಯಾಜೆನ್ ನಾರುಗಳನ್ನು ಹಿಡಿದು ಕಟ್ಟುತ್ತದೆ. ಇಂದು ಜಗತ್ತಿನ ಬಹುಪಾಲು ಲೆದರ್ ಹದವಾಗುವುದು ಕ್ರೋಮಿಯಂ ಲವಣಗಳಿಂದ. ಹದವಾದ ಮೇಲೆ ನಾರುಗಳು ಒಂದಕ್ಕೊಂದು ಅಂಟದಿರಲೆಂದು ಕಾರ್ಖಾನೆಯಲ್ಲೇ ಎಣ್ಣೆಯಂಶ ಸೇರಿಸುತ್ತಾರೆ. ಲೆದರ್ ಮೆತ್ತಗಿರುವುದು ಇದರಿಂದ.

ಬಹುತೇಕ ಹ್ಯಾಂಡ್‌ಬ್ಯಾಗುಗಳಲ್ಲಿ ಇದರ ಮೇಲೆ ಬಣ್ಣದ ಒಂದು ಲೇಪವಿರುತ್ತದೆ, ಅದರ ಮೇಲೆ ಆಕ್ರಿಲಿಕ್ ಅಥವಾ ಪಾಲಿಯುರೆಥೇನ್‌ನ ತೆಳು ಪದರ. ನೀವು ಮುಟ್ಟುವುದು, ಒರೆಸುವುದು ಎಲ್ಲ ಆ ಪದರವನ್ನೇ. ಹೆಚ್ಚಿನ ಬ್ಯಾಗುಗಳು ‘ಹಳತಾದಂತೆ’ ಕಾಣುವುದು ಚರ್ಮ ಸತ್ತಿದ್ದಕ್ಕಲ್ಲ, ಈ ಪದರ ಸವೆದಿದ್ದಕ್ಕೆ. ಸವೆದ ಬಣ್ಣವನ್ನು ಎಣ್ಣೆ ಮರಳಿಸಲಾರದು.

ಹಾಗಾದರೆ ಎಣ್ಣೆಗೆ ಹೊಳಪು ಬರುವುದು ಹೇಗೆ?

ಸವೆದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಗೀರುಗಳಿರುತ್ತವೆ. ಬೆಳಕು ಅಲ್ಲಿ ಚೆದುರುತ್ತದೆ, ಬ್ಯಾಗು ಮಂಕಾಗಿ ಕಾಣುತ್ತದೆ. ಎಣ್ಣೆ ಆ ಗೀರುಗಳನ್ನು ತುಂಬಿ ಮೇಲ್ಮೈಯನ್ನು ನುಣುಪು ಮಾಡುತ್ತದೆ, ಬಣ್ಣ ಗಾಢವಾಗುತ್ತದೆ. ಒದ್ದೆ ಕಲ್ಲು ಒಣ ಕಲ್ಲಿಗಿಂತ ಕಪ್ಪಗೆ, ಹೊಳೆಯುವಂತೆ ಕಾಣುವುದಿಲ್ಲವೇ, ಹಾಗೆಯೇ. ಕಲ್ಲಿನ ನೀರು ಆರುತ್ತದೆ, ಕೊಬ್ಬರಿ ಎಣ್ಣೆ ಆರುವುದಿಲ್ಲ.

ಗೀರಿನೊಳಗೆ ಇಳಿದ ಎಣ್ಣೆ ಲೇಪವಿಲ್ಲದ ಕಡೆ ಹೆಚ್ಚು, ಇರುವ ಕಡೆ ಕಡಿಮೆ ಹೀರುತ್ತದೆ. ಮಚ್ಚೆ ಬೀಳುವುದು ಇದಕ್ಕೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದು ನಿಮಗೆ ಗೊತ್ತೇ ಇದೆ. ಮಡಿಕೇರಿಯ ಅಥವಾ ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಆಗುವುದೇ ಬ್ಯಾಗಿನ ಮೇಲೂ ಆಗಬಹುದು. ಜಿಡ್ಡಿಗೆ ಧೂಳು ಅಂಟುತ್ತದೆ. ತೇವ ಸಿಕ್ಕರೆ ಎಣ್ಣೆ ಒಡೆದು ಕಮಟು ವಾಸನೆ ಬರುತ್ತದೆ, ಬೂಷ್ಟಿಗೆ ಊಟವೂ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ವಿಡಿಯೊದಲ್ಲಿ ಕಾಣುವುದೇ ಇಲ್ಲ. ಎಣ್ಣೆ ಕುಡಿದ ಲೆದರ್‌ಗೆ ಮುಂದೆ ಬಣ್ಣವಾಗಲಿ ಅಂಟಾಗಲಿ ಸರಿಯಾಗಿ ಹಿಡಿಯುವುದಿಲ್ಲ. ಅಂದರೆ ಇಂದಿನ ಹೊಳಪಿಗಾಗಿ ನಾಳೆಯ ನಿಜವಾದ ರಿಪೇರಿಯ ದಾರಿಯನ್ನೇ ಮುಚ್ಚಿದಂತೆ. ಒಂದು ಕಾಲದಲ್ಲಿ ದೊಡ್ಡ ಗ್ರಂಥಾಲಯಗಳಲ್ಲೂ ಹಳೆ ಪುಸ್ತಕಗಳ ಚರ್ಮದ ರಟ್ಟಿಗೆ ಎಣ್ಣೆ, ಕೊಬ್ಬು ಬೆರೆಸಿದ ಮುಲಾಮು ಹಚ್ಚುವ ರೂಢಿಯಿತ್ತು. ಇಂಥ ಅಡ್ಡಪರಿಣಾಮಗಳನ್ನು ಕಂಡ ಮೇಲೆ ಸಂರಕ್ಷಣಾ ತಜ್ಞರು ಅದರಿಂದ ಬಹುಮಟ್ಟಿಗೆ ಹಿಂದೆ ಸರಿದಿದ್ದಾರೆ.

ಬೆಂಕಿ ಪರೀಕ್ಷೆ, ನೀರಿನ ಪರೀಕ್ಷೆ: ನಂಬಬಹುದೇ?

‘ಅಸಲಿ ಲೆದರ್ ಸುಡುವುದಿಲ್ಲ, ಲೈಟರ್ ಹಿಡಿದು ನೋಡಿ’ ಎನ್ನುವ ಇನ್ನೊಂದು ಫಾರ್ವರ್ಡ್ ಇದೆ. ಇದು ತಪ್ಪು. ಚರ್ಮವೂ ಕರಕಲಾಗುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ. ಅಸಲಿ ಲೆದರ್ ಮೇಲೂ ಪ್ಲಾಸ್ಟಿಕ್ ಗುಣದ ಲೇಪ ಇರುವುದರಿಂದ ಅದೂ ಕರಗಿ ಸುರುಟಬಹುದು. ಪರೀಕ್ಷೆಯ ಫಲಿತಾಂಶ ಏನೇ ಬರಲಿ, ಬ್ಯಾಗಿನಲ್ಲಿ ತೂತಂತೂ ಖಾತ್ರಿ. ‘ನೀರು ಹೀರಿದರೆ ಅಸಲಿ’ ಎನ್ನುವುದೂ ಅರ್ಧ ಸತ್ಯ. ಲೇಪವಿರುವ ಒಳ್ಳೆಯ ಲೆದರ್ ಮೇಲೆ ನೀರಿನ ಹನಿ ಜಾರಿ ಬೀಳುತ್ತದೆ.

ಇದಕ್ಕಿಂತ ಸುಲಭದ ದಾರಿ ಅಂಚು ನೋಡುವುದು. ಪಟ್ಟಿಯ ತೂತು, ಒಳಜೇಬಿನ ಕತ್ತರಿಸಿದ ತುದಿ, ಎಲ್ಲಾದರೂ ಹಸಿ ಅಂಚು ಸಿಕ್ಕೇ ಸಿಗುತ್ತದೆ. ಅಲ್ಲಿ ಅಸ್ತವ್ಯಸ್ತವಾಗಿ ಹೆಣೆದುಕೊಂಡ ನಾರು ಕಂಡರೆ ಚರ್ಮ. ನೇಯ್ದ ಬಟ್ಟೆ, ಅದರ ಮೇಲೆ ತೆಳು ಪೊರೆ ಕಂಡರೆ ನಾವು ರೆಕ್ಸಿನ್ ಎನ್ನುವ ಜಾತಿಯದು. (ರೆಕ್ಸಿನ್ ಎನ್ನುವುದು ಮೂಲದಲ್ಲಿ ಇಂಗ್ಲೆಂಡಿನ ಒಂದು ಬ್ರ್ಯಾಂಡ್ ಹೆಸರು. ನಮ್ಮಲ್ಲಿ ಅದು ಇಡೀ ಕೃತಕ ಚರ್ಮಕ್ಕೇ ಹೆಸರಾಯಿತು.) ಇವೆರಡರ ನಡುವೆ ಬಾಂಡೆಡ್ ಲೆದರ್ ಎಂಬುದೂ ಇದೆ. ಅದು ಚರ್ಮದ ಚೂರುಗಳನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು, ಬಾಳಿಕೆ ಕಡಿಮೆ.

ಈ ಗುರುತು ಹಿಡಿಯುವುದು ಯಾಕೆ ಮುಖ್ಯವೆಂದರೆ, ಹೊಟ್ಟು ಹೊಟ್ಟಾಗಿ ಸಿಪ್ಪೆ ಏಳುತ್ತಿರುವ ಬ್ಯಾಗುಗಳಲ್ಲಿ ಹೆಚ್ಚಿನವು ಲೆದರ್ ಬ್ಯಾಗುಗಳೇ ಅಲ್ಲ. ಪಾಲಿಯುರೆಥೇನ್ ಪೊರೆಯನ್ನು ಗಾಳಿಯ ತೇವಾಂಶ ನಿಧಾನವಾಗಿ ಒಡೆಯುತ್ತದೆ. ಬಳಸದೆ ಬೀರುವಿನಲ್ಲೇ ಇಟ್ಟರೂ ಒಡೆಯುತ್ತದೆ. ‘ಒಂದು ಸಲವೂ ಬಳಸಿಲ್ಲ, ಆದರೂ ಪುಡಿಪುಡಿ ಆಗಿದೆ’ ಎಂದು ಹಲವರು ಅಚ್ಚರಿಪಡುವುದು ಇದಕ್ಕೇ. ಹಳೆಯ ಬ್ಯಾಗುಗಳ ಒಳಜೇಬು ಬೆಲ್ಲದಂತೆ ಅಂಟಂಟಾಗುವುದಕ್ಕೂ ಹೆಚ್ಚಾಗಿ ಇಂಥದ್ದೇ ಕಾರಣ. ಪೌಡರ್ ಉದುರಿಸಿದರೆ ನಾಲ್ಕು ದಿನ ಸುಮ್ಮನಿರುತ್ತದೆ, ಮತ್ತೆ ಅಂಟುತ್ತದೆ. ಒಳಬಟ್ಟೆ ಬದಲಿಸಿ ಹೊಲಿಸುವುದೊಂದೇ ದಾರಿ. ಸಿಪ್ಪೆ ಏಳುವ ಬ್ಯಾಗಿಗೆ ಯಾವ ಎಣ್ಣೆಯೂ, ಯಾವ ದುಬಾರಿ ಕ್ರೀಮೂ ಕೆಲಸ ಮಾಡುವುದಿಲ್ಲ. ಆನ್‌ಲೈನಿನಲ್ಲಿ ಕೊಳ್ಳುವವರು ಹಣ ಕೊಡುವ ಮೊದಲೇ ಅಂಚಿನ ಮತ್ತು ಒಳಜೇಬಿನ ಫೋಟೊ ಕೇಳುವುದು ಒಳ್ಳೆಯದು.

ಅಡುಗೆಮನೆಯ ಉಳಿದ ಮದ್ದುಗಳು

ಲೆದರ್ ಸ್ವಭಾವತಃ ಸ್ವಲ್ಪ ಆಮ್ಲೀಯ. ಬೇಕಿಂಗ್ ಸೋಡಾ, ಬಟ್ಟೆ ಸೋಪು ಕ್ಷಾರೀಯ. ನೀರಿನಲ್ಲಿ ಕಲಸಿ ಉಜ್ಜಿದರೆ ಕಲೆಯ ಜೊತೆ ಬಣ್ಣವೂ ಬರಬಹುದು. ಸೋಡಾ ಉಪಯುಕ್ತವಾಗುವುದು ಬೇರೆ ರೀತಿಯಲ್ಲಿ: ಚಿಕ್ಕ ಬಟ್ಟಲಿನಲ್ಲಿ ಹಾಕಿ ಬ್ಯಾಗಿನ ಒಳಗೆ ಎರಡು ಮೂರು ದಿನ ಇಟ್ಟರೆ ವಾಸನೆ ತಗ್ಗುತ್ತದೆ. ಲೆದರ್‌ಗೆ ಸೋಕದಿದ್ದರೆ ಆಯಿತು. ಸೋಡಾ ಮತ್ತು ವಿನೆಗರ್ ಎರಡನ್ನೂ ಬೆರೆಸುವ ವಿಡಿಯೊಗಳಲ್ಲಿ ನೊರೆ ಬರುವುದು ಅವು ಒಂದನ್ನೊಂದು ಕೊಲ್ಲುವುದರಿಂದ, ಕೊಳೆ ತೆಗೆಯುವುದರಿಂದಲ್ಲ. ವಿನೆಗರನ್ನು ಬ್ಲೀಚಿನ ಜೊತೆ ಮಾತ್ರ ಯಾವ ಕಾರಣಕ್ಕೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಟೂತ್‌ಪೇಸ್ಟ್ ಎಂದರೆ ಉಜ್ಜುವ ನುಣ್ಣನೆಯ ಪುಡಿ. ಹಲ್ಲಿನ ಎನಾಮೆಲ್ ಅದನ್ನು ತಡೆಯುತ್ತದೆ, ಬ್ಯಾಗಿನ ಲೇಪ ತಡೆಯುವುದಿಲ್ಲ. ಬಾಳೆಹಣ್ಣಿನ ಸಿಪ್ಪೆಯ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ, ಸಕ್ಕರೆಯಂಶ ಉಳಿಯುತ್ತದೆ, ಇರುವೆಗಳಿಗೆ ಖುಷಿ.

ಪೆನ್ನಿನ ಶಾಯಿ ಕಲೆಗೆ ನೇಲ್‌ಪಾಲಿಶ್ ರಿಮೂವರ್ ಅಥವಾ ಹೇರ್‌ಸ್ಪ್ರೇ ಸೂಚಿಸುವವರು ಬಹಳ. ರಿಮೂವರ್‌ನಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಅನ್ನು ಲೆದರ್ ರಿಪೇರಿಯವರೂ ಬಳಸುತ್ತಾರೆ ನಿಜ. ಯಾಕೆ ಗೊತ್ತೇ? ಹೊಸ ಬಣ್ಣ ಹಚ್ಚುವ ಮೊದಲು ಹಳೆಯ ಲೇಪವನ್ನು ಕಿತ್ತು ತೆಗೆಯಲು. ನಿಮ್ಮಲ್ಲಿ ಹೊಸ ಬಣ್ಣ ಇಲ್ಲದಿದ್ದರೆ ಶಾಯಿ ಹೋಗಿ ಆ ಜಾಗದಲ್ಲಿ ಬಿಳಿಚಿಕೊಂಡ ಗುಂಡು ಮಚ್ಚೆ ಉಳಿಯುತ್ತದೆ. ಅದು ಬೇಗ ಹೊತ್ತಿಕೊಳ್ಳುವ ದ್ರವವೂ ಹೌದು, ಸ್ಟೌ ಹತ್ತಿರ ಬೇಡವೇ ಬೇಡ. ಹಳೆಯ ಶಾಯಿ ಕಲೆ ಚರ್ಮದೊಳಗೆ ಇಳಿದಿದ್ದರೆ ಅದನ್ನು ಹಾಗೇ ಬಿಡುವುದು ಉತ್ತಮ ಎಂದು ನಮ್ಮ ಅಭಿಪ್ರಾಯ.

ಬಿಳಿ ಪುಡಿ ಕಂಡರೆ

ಕರಾವಳಿ, ಮಲೆನಾಡಿನ ಓದುಗರಿಗೆ ಇದು ಹೊಸದಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಶೇ 65-70 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯುತ್ತದೆ. ಆದರೆ ಬಿಳಿಯಾಗಿ ಕಂಡದ್ದೆಲ್ಲ ಬೂಷ್ಟಲ್ಲ. ಲೆದರ್ ಒಳಗಿನ ಕೊಬ್ಬಿನಂಶವೂ ಮೇಲೆ ಬಂದು ಬಿಳಿ ಪೊರೆಯಾಗಿ ಕೂರುವುದುಂಟು. ಹೇರ್ ಡ್ರೈಯರನ್ನು ದೂರದಿಂದ, ಕಡಿಮೆ ಬಿಸಿಯಲ್ಲಿ ಕೆಲವು ಸೆಕೆಂಡು ಹಿಡಿದು ನೋಡಿ. ಕರಗಿ ಮಾಯವಾದರೆ ಕೊಬ್ಬು, ಹಾಗೇ ಉಳಿದರೆ ಬೂಷ್ಟು. ಕೊಬ್ಬಾದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬೂಷ್ಟಾದರೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಮೆತ್ತನೆಯ ಬ್ರಶ್‌ನಲ್ಲಿ ಉದುರಿಸಿ. ಕೋಣೆಯೊಳಗೆ ಕೊಡವಿದರೆ ಬೀಜಕಣಗಳು ಪಕ್ಕದ ಚಪ್ಪಲಿ, ಬೆಲ್ಟಿಗೂ ಹಬ್ಬುತ್ತವೆ, ಅಸ್ತಮಾ ಇರುವವರಿಗೆ ತೊಂದರೆ. ನಂತರ ಗಾಳಿಯಾಡುವ ನೆರಳಿನಲ್ಲಿಡಿ. ಸುಡುಬಿಸಿಲಿನಲ್ಲಿ ದಿನಗಟ್ಟಲೆ ಇಟ್ಟರೆ ಬಣ್ಣ ಮಾಸುತ್ತದೆ, ಚರ್ಮ ಬಿರಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವ ಅಭ್ಯಾಸ ಬಿಡುವುದು ಒಳ್ಳೆಯದು, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಹಳೆಯ ಹತ್ತಿ ದಿಂಬಿನ ಕವರ್ ಸಾಕು. ಒಳಗೆ ಹತ್ತಿ ಬಟ್ಟೆ ತುರುಕಿದರೆ ಆಕಾರವೂ ಉಳಿಯುತ್ತದೆ.

ಮನೆಯಲ್ಲಿ ನಿಜಕ್ಕೂ ಮಾಡಬಹುದಾದದ್ದು

ಬಹಳ ಇಲ್ಲ, ಮತ್ತು ವಿಡಿಯೊ ಮಾಡುವಷ್ಟು ರೋಚಕವೂ ಅಲ್ಲ. ಮೊದಲು ಒಣ ಬ್ರಶ್‌ನಲ್ಲಿ ಹೊಲಿಗೆ, ಮಡಿಕೆಗಳ ಧೂಳು ತೆಗೆಯಿರಿ. ಒಂದು ಬಟ್ಟಲು ನೀರಿಗೆ ಒಂದೆರಡು ಹನಿ ಸೌಮ್ಯ ಶಾಂಪೂ ಹಾಕಿ, ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ. ತಳಭಾಗದಲ್ಲೋ ಮುಚ್ಚಳದ ಅಡಿಯಲ್ಲೋ ಕಾಣದ ಒಂದು ಜಾಗದಲ್ಲಿ ಒರೆಸಿ ಬಟ್ಟೆಗೆ ಬಣ್ಣ ಅಂಟುತ್ತದೆಯೇ ನೋಡಿ. ಅಂಟಿದರೆ ಅಲ್ಲಿಗೇ ನಿಲ್ಲಿಸಿ. ಅಂಟದಿದ್ದರೆ ಉಳಿದ ಭಾಗವನ್ನು ಒರೆಸಿ, ಶುದ್ಧ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಫ್ಯಾನ್ ಕೆಳಗೆ ಒಂದು ದಿನ ಒಣಗಲು ಬಿಡಿ. ನಮ್ಮ ಅನುಭವದಲ್ಲಿ ‘ಹಳತು’ ಎನಿಸುವ ಅರ್ಧಪಾಲು ಇಷ್ಟಕ್ಕೇ ಹೋಗುತ್ತದೆ, ಯಾಕೆಂದರೆ ಅದು ಬರೀ ಕೊಳೆ.

ಆಮೇಲೂ ಒಣಗಿದಂತೆ ಕಂಡರೆ ಲೆದರ್‌ಗೆಂದೇ ಮಾಡಿದ ಬಣ್ಣರಹಿತ ಕ್ರೀಮನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ತೆಳುವಾಗಿ ಹಚ್ಚಬಹುದು. ಮೊದಲು ಮೂಲೆಯಲ್ಲಿ ಹಚ್ಚಿ ಒಂದು ದಿನ ಕಾಯಿರಿ. ಶೂ ಪಾಲಿಶ್ ಬೇಡ. ಶೂ ನಿಮ್ಮ ಸೀರೆಗೆ ಉಜ್ಜುವುದಿಲ್ಲ, ಬ್ಯಾಗ್ ಉಜ್ಜುತ್ತದೆ. ಸ್ವೇಡ್‌ನಂಥ ರೋಮಭರಿತ ಬ್ಯಾಗುಗಳಿಗೆ ನೀರು, ಕ್ರೀಮು ಎರಡೂ ಬೇಡ, ಒಣ ಬ್ರಶ್ ಮಾತ್ರ. ಮೂಲೆಗಳ ಬಣ್ಣ ಹೋಗಿದ್ದರೆ, ಪಟ್ಟಿ ಹರಿದಿದ್ದರೆ ಅದು ಕುಶಲ ಕೈಗಳ ಕೆಲಸ. ಬಣ್ಣ ಹಚ್ಚುವವರು ಎಲ್ಲ ಊರಲ್ಲಿ ಸಿಗಲಿಕ್ಕಿಲ್ಲ, ಆದರೆ ಪಟ್ಟಿ ಹೊಲಿಯುವ, ಬಕಲ್ ಬದಲಿಸುವ ಕೆಲಸವನ್ನು ಬಸ್‌ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯುವವರು ಅಚ್ಚುಕಟ್ಟಾಗಿ ಮಾಡುತ್ತಾರೆ. ಕೇಳಿ ನೋಡಲು ನಾವೇ ಮರೆಯುತ್ತೇವೆ.

ಎಣ್ಣೆ ಈಗಾಗಲೇ ಹಚ್ಚಿಬಿಟ್ಟಿದ್ದರೆ? ಮುಸುಕಿನ ಜೋಳದ ಹಿಟ್ಟು, ಅಂದರೆ ಕಾರ್ನ್‌ಫ್ಲೋರ್, ಮೇಲೆ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಶ್‌ನಲ್ಲಿ ತೆಗೆಯಿರಿ. ಮೇಲಿನ ಜಿಡ್ಡು ಸ್ವಲ್ಪ ಬರುತ್ತದೆ, ಒಳಗಿಳಿದದ್ದು ಬರುವುದಿಲ್ಲ. ನಮ್ಮ ತಂಡದ ಆ ಬ್ಯಾಗಿಗೆ ಮೂರು ರಾತ್ರಿ ಹೀಗೆ ಮಾಡಿದೆವು. ಜಿಡ್ಡು ಕಡಿಮೆಯಾಯಿತು, ಮಚ್ಚೆ ಹಾಗೇ ಇದೆ. ಮೂಲೆಗಳಿಗೆ ಬಣ್ಣ ಹಚ್ಚಿಸಲೆಂದು ಒಯ್ದಾಗ ರಿಪೇರಿಯವರು ಹೆಬ್ಬೆರಳಿನಲ್ಲಿ ಒಮ್ಮೆ ಉಜ್ಜಿ ನೋಡಿ, ‘ಎಣ್ಣೆ ಹಚ್ಚಿದ್ರಾ ಮೇಡಂ?’ ಎಂದರಂತೆ. ಬಣ್ಣ ನಿಲ್ಲುವುದಿಲ್ಲ ಎಂದು ಹೇಳಿ, ಸಡಿಲವಾಗಿದ್ದ ಪಟ್ಟಿಯನ್ನಷ್ಟೇ ಹೊಲಿದು ಕೊಟ್ಟರು. ಈಗ ಅದನ್ನು ಕಡುಬಣ್ಣದ ಬಟ್ಟೆ ತೊಟ್ಟ ದಿನ ಮಾತ್ರ ಆಫೀಸಿಗೆ ತರುತ್ತಾರೆ.