ಸೊಂಟದ ಕತ್ತಿ: ಆಯುಧವೋ, ಬಾಳಿನ ಸಲಕರಣೆಯೋ?

ಬೆಟ್ಟಕ್ಕೆ ಹೊರಟವರ ಸೊಂಟದ ಹಿಂದೆ ಕೊಕ್ಕೆಯಲ್ಲಿ ತೂಗುವ ಕತ್ತಿ ಮಲೆನಾಡಿನಲ್ಲಿ ಯಾರ ಗಮನವನ್ನೂ ಸೆಳೆಯುವ ವಸ್ತುವಲ್ಲ. ಸೊಪ್ಪು ತರಲು, ಬೇಲಿ ಕಟ್ಟಲು, ದಾರಿಗೆ ಅಡ್ಡಬಿದ್ದ ಬಳ್ಳಿ ಸವರಲು, ಎಳನೀರು ಕೆತ್ತಲು, ಮಳೆಗಾಲದಲ್ಲಿ ಮುರಿದ ಸಂಕವನ್ನು ಸರಿಪಡಿಸಲು ಎಲ್ಲಕ್ಕೂ ಅದೊಂದೇ ಸಾಕು. ಹೀಗೆ ನಿತ್ಯದ ಬದುಕಿನಲ್ಲಿ ಕರಗಿಹೋದ ಈ ಸಲಕರಣೆಯ ಬಗ್ಗೆ ಸಂಪಾದಕೀಯ ಬರೆಯುವ ಅಗತ್ಯವೇನೆಂದು ಓದುಗರು ಕೇಳಬಹುದು. ಅಗತ್ಯವಿದೆ. ಕತ್ತಿಯನ್ನು ಬಳಸುವ ವಿವೇಕ ನಮ್ಮ ಮಕ್ಕಳ ಕೈಯಿಂದ ಜಾರುತ್ತಿದೆ. ಮತ್ತೊಂದೆಡೆ, ಕಾನೂನಿನ ಕಣ್ಣಿಗೆ ಅದು ಸಲಕರಣೆಯಾಗಿ ಕಾಣುವುದೋ ಆಯುಧವಾಗಿ ಕಾಣುವುದೋ ಎಂಬುದು ನಾವು ನಿಂತ ನೆಲವನ್ನು ಅವಲಂಬಿಸಿದೆ.

2020ರಲ್ಲಿ ಬೇರ್ ಗ್ರಿಲ್ಸ್ ಅವರು ನಟ ರಜನೀಕಾಂತ್ ಅವರೊಡನೆ ಬಂಡೀಪುರದಲ್ಲಿ ಚಿತ್ರೀಕರಿಸಿದ ಕಾರ್ಯಕ್ರಮವನ್ನು ನಮ್ಮ ಹಳ್ಳಿಗಳಲ್ಲಿಯೂ ಕುತೂಹಲದಿಂದ ನೋಡಿದರು. ಇಂತಹ ಕಾರ್ಯಕ್ರಮಗಳಿಂದಾಗಿ ಕಾಡು ಎಂದರೆ ಗೆಲ್ಲಬೇಕಾದ ಶತ್ರು, ಚಾಕು ಎಂದರೆ ವೀರನ ಲಾಂಛನ ಎಂಬ ಭಾವನೆ ಬೆಳೆಯುತ್ತದೆ. ಬೆಂಗಳೂರಿನ ಲಿಂಗರಾಜಪುರದಲ್ಲೋ ಕೆ.ಆರ್. ಪುರದಲ್ಲೋ ಬಾಡಿಗೆ ಕೋಣೆ ಹಿಡಿದು ಓದುವ ನಮ್ಮೂರ ವಿದ್ಯಾರ್ಥಿಯು ಮಿರುಗುವ ವಿದೇಶಿ ಚಾಕುವೊಂದನ್ನು ತರಿಸಿಕೊಳ್ಳುತ್ತಾನೆ. ಮನೆಯ ಜಗಲಿಯಲ್ಲಿ ಅಜ್ಜನ ಕತ್ತಿ ತುಕ್ಕು ಹಿಡಿಯುತ್ತಿರುತ್ತದೆ. ಕಾಡಿನಲ್ಲಿ ಬದುಕಿ ಬಾಳಿದವರ ಕತ್ತಿ ಯಾವುದೆಂಬುದನ್ನು ಅವನಿಗೆ ತಿಳಿಸಿಕೊಡುವ ಹೊಣೆ ನಮ್ಮದೇ.

ಕನ್ನಡ ನೆಲಕ್ಕೆ ಲೋಹವಿದ್ಯೆ ಹೊಸದಲ್ಲ. ದಕ್ಷಿಣ ಭಾರತದ ಉಕ್ಕನ್ನು ಐರೋಪ್ಯರು 'ವೂಟ್ಜ್' ಎಂದು ಕರೆದರು. ಆ ಪದದ ಮೂಲ ನಮ್ಮ 'ಉಕ್ಕು' ಎಂಬುದು ಅನೇಕ ವಿದ್ವಾಂಸರ ಅಭಿಮತ. 1795ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಕುರಿತು ಪ್ರಬಂಧ ಮಂಡನೆಯಾಗಿತ್ತು. ಇಂದು ನಮ್ಮ ಕುಲುಮೆಗಳಲ್ಲಿ ಬಹುಪಾಲು ಕತ್ತಿಗಳು ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಸಿದ್ಧವಾಗುತ್ತವೆ. ಆ ಉಕ್ಕಿನಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇಕಡಾ 0.5ರಿಂದ 0.6ರಷ್ಟಿರುವುದರಿಂದ ಅದು ಹದಕ್ಕೆ ಒಗ್ಗುತ್ತದೆ. ಕೆಂಪಗೆ ಕಾಸಿ ತಟ್ಟನೆ ತಣಿಸಿದರೆ ಬಾಯಿ ಗಡಸಾಗುತ್ತದೆ, ಆದರೆ ಪೆಡಸೂ ಆಗುತ್ತದೆ. ಮತ್ತೆ ಹಿತವಾಗಿ ಕಾಸಿದರೆ ಪೆಡಸುತನ ತಗ್ಗಿ, ಹರಿತವೂ ನಿಲ್ಲುತ್ತದೆ, ಕಲ್ಲಿಗೆ ತಾಗಿದರೆ ಮುಕ್ಕೂ ಆಗದು. ಕಾದ ಕಬ್ಬಿಣದ ಬಣ್ಣವನ್ನು ನೋಡಿಯೇ ಹದವನ್ನು ನಿರ್ಣಯಿಸುವ ಕಮ್ಮಾರನ ಕಣ್ಣು ಯಾವ ಪ್ರಯೋಗಾಲಯದ ಮಾಪಕಕ್ಕೂ ಕಡಿಮೆಯದಲ್ಲ.

ಕಾಡಿನಲ್ಲಿ ದಾರಿ ತಪ್ಪಿದವನಿಗೆ, ಆಷಾಢದ ಮಳೆಗೆ ಸಿಲುಕಿದವನಿಗೆ ಕತ್ತಿ ಒದಗುವ ಬಗೆ ಹಲವು. ಮೇಲೆಲ್ಲ ತೊಯ್ದ ಒಣಕೊಂಬೆಯನ್ನು ಸೀಳಿದರೆ ಒಳಗೆ ಒಣಗಿದ ತಿರುಳು ಸಿಗುತ್ತದೆ. ಅದನ್ನು ತೆಳ್ಳಗೆ ಕೆತ್ತಿದರೆ ಬೆಂಕಿಗೆ ಆಧಾರ. ರಾಳಧೂಪದ ಒಣ ಅಂಟು ಜೊತೆಗಿದ್ದರೆ ಉರಿ ಬೇಗ ಹಿಡಿಯುತ್ತದೆ. ಬಿದಿರಿನ ಒಂದು ಗೆಣ್ಣು ಕಡಿದರೆ ಪಾತ್ರೆ, ಸೀಳಿದರೆ ಕಟ್ಟುವ ದಬ್ಬೆ. ಮುರಿದ ಕಾಲಿಗೆ ಆಸರೆ ಕೊಡಲು ಎರಡು ನೇರ ಕೋಲು, ಒಂದು ಅಡಿಕೆ ಹಾಳೆ ಸಾಕು. ಬೇಸಗೆಯಲ್ಲಿ ಗೆಟೋನಿಯಾ ಫ್ಲೋರಿಬಂಡಾ ಎಂಬ ಬಳ್ಳಿಯ ಕಾಂಡದಿಂದ ನೀರು ಪಡೆಯುವ ಕ್ರಮವನ್ನು ಪಶ್ಚಿಮ ಘಟ್ಟದ ಅರಣ್ಯವಾಸಿಗಳು ತಲೆಮಾರುಗಳಿಂದ ಬಲ್ಲರು. ಆದರೆ ಗುರುತು ತಿಳಿಯದ ಬಳ್ಳಿಗೆ, ಅದರಲ್ಲೂ ಹಾಲು ಒಸರುವ ಬಳ್ಳಿಗೆ, ಬಾಯಿ ಹಚ್ಚಬಾರದು. ಕಾಡುಗೇರಿನ ಗುಂಪಿನ ಹೊಲಿಗಾರ್ನಾ ಮರಗಳಿಗೆ ಕತ್ತಿ ಹಾಕಿದರೆ ಸಿಡಿಯುವ ರಸದಿಂದ ಮೈಯೆಲ್ಲ ಬೊಕ್ಕೆ ಏಳುತ್ತದೆ. ಮರವನ್ನು ಅರಿಯದವನ ಕೈಯಲ್ಲಿ ಕತ್ತಿಯಿದ್ದೂ ಫಲವಿಲ್ಲ.

ಕತ್ತಿ ಖಂಡಿತವಾಗಿಯೂ ಮಾಡಬಾರದ ಕೆಲಸವೊಂದಿದೆ. ಹಾವು ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹರಿಸುವ ಪದ್ಧತಿ ಕೆಲವೆಡೆ ಇಂದಿಗೂ ಉಳಿದಿದೆ. ಇದರಿಂದ ವಿಷ ಹೊರಬರುವುದಿಲ್ಲ. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುವುದರಿಂದ ಕೊಯ್ದ ಗಾಯದ ರಕ್ತಸ್ರಾವವೇ ಪ್ರಾಣಕ್ಕೆ ಕುತ್ತಾಗಬಲ್ಲದು. ದೇಶದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಮೃತಪಟ್ಟರೆಂದು, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಎಂದು, ಅಧ್ಯಯನವೊಂದು ಅಂದಾಜಿಸಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಚ್ಚಿಸಿಕೊಂಡವರನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಕತ್ತಿಗೆ ಉಳಿಯುವ ಕೆಲಸ ಒಂದೇ: ಹೊತ್ತೊಯ್ಯುವ ಜೋಲಿಗೆ ಎರಡು ಗಳು ಕಡಿಯುವುದು.

ಮರಕ್ಕೂ ಕತ್ತಿಗೂ ಇರುವ ಸಂಬಂಧವನ್ನು ಕೃಷಿ ವಿಜ್ಞಾನದ ದೃಷ್ಟಿಯಿಂದಲೂ ನೋಡಬೇಕು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಆ ಬೆಟ್ಟ ಹಸಿರಾಗಿ ಉಳಿಯುವುದೂ ಬೋಳಾಗುವುದೂ ಕತ್ತಿ ಹಿಡಿದ ಕೈಯನ್ನೇ ಅವಲಂಬಿಸಿದೆ. ತುದಿಕುಡಿಯನ್ನು ಬಿಟ್ಟು ಪಕ್ಕದ ಕೊಂಬೆಗಳನ್ನು ಮಾತ್ರ ಸವರಿದರೆ ಮರ ಮತ್ತೆ ಚಿಗುರುತ್ತದೆ. ಹರಿತವಾದ ಕತ್ತಿಯ ಗಾಯ ನಯವಾಗಿದ್ದು ಬೇಗ ಮಾಯುತ್ತದೆ. ಮೊಂಡು ಕತ್ತಿ ತೊಗಟೆಯನ್ನು ಸುಲಿದುಹಾಕಿ, ನೀರು ನಿಂತು ಕೊಳೆಯಲು ಹಾದಿ ಮಾಡುತ್ತದೆ. ಉಪ್ಪಾಗೆಗೆ ಬೆಲೆ ಬಂದಾಗ ಹಣ್ಣಿನಾಸೆಗೆ ಕೊಂಬೆಗಳನ್ನೇ ಉರುಳಿಸಿದ್ದೂ ಇದೇ ಕತ್ತಿಗಳು ಎಂಬುದನ್ನು ಮರೆಯಲಾಗದು.

ಇನ್ನು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯು ಕೇವಲ ಗೃಹಬಳಕೆಗೆ ಅಥವಾ ಕೃಷಿಗೆಂದು ರೂಪಿಸಿದ ವಸ್ತುಗಳನ್ನು ಶಸ್ತ್ರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 2ನೆಯ ಪ್ರಕರಣದಲ್ಲಿ 'ಆಯುಧ' ಎಂಬ ಪದವು ಚಾಕುಕತ್ತಿಗಳನ್ನೂ ಒಳಗೊಳ್ಳುತ್ತದೆ. 31ನೆಯ ಪ್ರಕರಣದಂತೆ ಲಿಖಿತ ಪೂರ್ವಾನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯವನ್ನು ಪ್ರವೇಶಿಸುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಕಿರು ಅರಣ್ಯ ಉತ್ಪನ್ನ ಸಂಗ್ರಹದ ಹಕ್ಕನ್ನು ನೀಡಿ, ಬೇಟೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಅದರ 2008ರ ಮೂಲ ನಿಯಮಗಳು ತಲೆಹೊರೆ, ಸೈಕಲ್ಲು, ಕೈಗಾಡಿ ಎಂದು ಸಾಗಣೆಯ ಬಗೆಯನ್ನು ಹೆಸರಿಸಿದ್ದಷ್ಟು ಸ್ಪಷ್ಟವಾಗಿ ಕೊಯ್ಯುವ ಉಪಕರಣವನ್ನು ಹೆಸರಿಸಿರಲಿಲ್ಲ. ಸೀಗೆ, ದಾಲ್ಚಿನ್ನಿ, ಜೇನು ಇವನ್ನು ಬರಿಗೈಯಲ್ಲಿ ತರಲಾದೀತೆ? ಮೂಕಾಂಬಿಕಾ, ಸೋಮೇಶ್ವರ, ಶರಾವತಿ ಕಣಿವೆಗಳ ಅಭಯಾರಣ್ಯಗಳ ಒಳಗೂ ಅಂಚಿನಲ್ಲೂ ಇರುವ ಹಳ್ಳಿಗರಿಗೆ ಈ ಪ್ರಶ್ನೆ ನಿತ್ಯದ್ದು.

ಕಳ್ಳಬೇಟೆಯನ್ನು ತಡೆಯಲು ಕಠಿಣ ಕಾನೂನು ಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ರೂಢಿಗೆ ಮನ್ನಣೆ ಕೊಡುವುದು ಅಸಾಧ್ಯವೂ ಅಲ್ಲ. ಕೈಲ್‌ಪೊಳ್ದ್ ದಿನ ಆಯುಧಗಳನ್ನು ಪೂಜಿಸುವ, ಒಡಿಕತ್ತಿಯನ್ನು ಬೆನ್ನ ಹಿಂದಿನ ತೊಡಂಗಿನಲ್ಲಿ ಧರಿಸುವ ಪರಂಪರೆಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ವಿಸ್ತರಿಸಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಸಮುದಾಯ ಹಕ್ಕುಗಳಿಗೆ 2011ರಲ್ಲಿ ಮನ್ನಣೆ ದೊರೆಯಿತು. ದುಡಿಮೆಯ ಕತ್ತಿಗೂ ಇಂತಹದೊಂದು ಸ್ಪಷ್ಟತೆ ಏಕೆ ಬೇಡ?

ಆದ್ದರಿಂದ ನಮ್ಮ ಸಲಹೆಗಳು ಇವು. ಪ್ರತಿ ಗ್ರಾಮಸಭೆಯೂ ತನ್ನ ಅರಣ್ಯ ಹಕ್ಕಿನ ದಾಖಲೆಗಳಲ್ಲಿ ಕಿರು ಉತ್ಪನ್ನದ ಜೊತೆಗೆ ಅದನ್ನು ಕೊಯ್ಯುವ ಸಲಕರಣೆಯನ್ನೂ ಅಳತೆಸಹಿತ ನಮೂದಿಸಲಿ. ಅದರ ಪ್ರತಿಯೊಡನೆ ಅಧಿಕೃತ ಅಧಿಕಾರಿಗಳಿಂದ ಲಿಖಿತ ಅನುಮತಿಯನ್ನು ಊರಿನ ಪರವಾಗಿಯೇ ಕೋರಲಿ. ಒಬ್ಬೊಬ್ಬರೇ ತನಿಖಾ ಠಾಣೆಯ ಮುಂದೆ ಕೈಕಟ್ಟಿ ನಿಲ್ಲುವ ಸ್ಥಿತಿ ತಪ್ಪಲಿ. ಕತ್ತಿ ಹಿಡಿದು ಉರುಳು ಹಾಕಲು, ಬೇಟೆಗೆ ಹೋದವನ ಪರವಾಗಿ ಊರು ನಿಲ್ಲದಿರಲಿ. ಆಗಷ್ಟೇ ನಮ್ಮ ಬೇಡಿಕೆಗೆ ನೈತಿಕ ಬಲ ಬರುತ್ತದೆ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಊರಿಗೆ ಬಂದಾಗ ಮನೆಯ ಹಿರಿಯರೊಡನೆ ಒಂದು ದಿನ ಬೆಟ್ಟಕ್ಕೆ ಹೋಗಿ. ಮಸೆಯುವುದನ್ನು, ಮೈಯಿಂದ ಆಚೆಗೆ ಬೀಸುವುದನ್ನು, ಇನ್ನೊಬ್ಬರಿಗೆ ಕೊಡುವಾಗ ಹಿಡಿಯನ್ನು ಮುಂದೆ ಮಾಡುವುದನ್ನು ಕಲಿಯಿರಿ. ಗಾಯವಾದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು, ಧನುರ್ವಾಯುವಿನ ಚುಚ್ಚುಮದ್ದನ್ನು ತಪ್ಪದೆ ಪಡೆಯಿರಿ. ಎಲ್ಲಕ್ಕಿಂತ ಮಿಗಿಲಾಗಿ, ಯಾವ ಕೊಂಬೆಯನ್ನು ಕಡಿಯಬಾರದು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಅದನ್ನು ಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ, ಅವರಿಗೆ ವಯಸ್ಸಾಗುತ್ತಿದೆ.