ಹನ್ನೆರಡನೇ ವಯಸ್ಸಿನ ಬಲ ನೋಡಿ ಜೂಡೋ ಪಟುವನ್ನು ಆರಿಸಬಹುದೇ?

2022ರ ಆಗಸ್ಟ್‌ನಲ್ಲಿ ಸರಾಯೆವೊದಲ್ಲಿ ನಡೆದ ವಿಶ್ವ ಕೆಡೆಟ್ ಜೂಡೋದಲ್ಲಿ ಮಣಿಪುರದ ಲಿಂಥೋಯ್ ಚನಂಬಮ್ 57 ಕೆ.ಜಿ. ವಿಭಾಗದ ಚಿನ್ನ ಗೆದ್ದಳು. ಜೂಡೋದಲ್ಲಿ ಭಾರತಕ್ಕೆ ಅಂಥ ಚಿನ್ನ ಬಂದದ್ದು ಅದೇ ಮೊದಲು. ಅವಳು ತರಬೇತಿ ಪಡೆದದ್ದು ನಮ್ಮ ಬಳ್ಳಾರಿ ಜಿಲ್ಲೆಯ ಕ್ರೀಡಾ ಸಂಸ್ಥೆಯೊಂದರಲ್ಲಿ.

ಇಂಥ ಮಕ್ಕಳನ್ನು ಹುಡುಕುವುದು ಹೇಗೆ? 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ 9ರಿಂದ 18 ವರ್ಷದವರಿಗಾಗಿ 'ಕೀರ್ತಿ' ಯೋಜನೆ ತಂದಿತು. ಓಟ, ಜಿಗಿತ ಎಲ್ಲವನ್ನೂ ಅಳೆಯುತ್ತಾರೆ. ಅಳೆಯಲಿ, ತಪ್ಪಿಲ್ಲ. ಆದರೆ ಏಳನೇ ಕ್ಲಾಸಿನ ಹುಡುಗರನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಪಕ್ಕದವನು ಇನ್ನೂ ಮಗುವಿನ ಹಾಗಿರುತ್ತಾನೆ. ಮೊದಲನೆಯವನು ಗೆಲ್ಲುವುದು ಪ್ರತಿಭೆಯಿಂದಲೋ, ಬೇಗ ಬೆಳೆದದ್ದರಿಂದಲೋ? ಜೂಡೋದಲ್ಲಿ ವಯೋವಿಭಾಗ ನಿರ್ಧಾರವಾಗುವುದು ಹುಟ್ಟಿದ ಇಸವಿಯಿಂದ. ಹಾಗಾಗಿ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಜೂಡೋಗೆಂದೇ ಒಂದು ಪರೀಕ್ಷೆ ಇದೆ. 6 ಮೀಟರ್ ಅಂತರದಲ್ಲಿ ಇಬ್ಬರು ಜೊತೆಗಾರರು ನಿಲ್ಲಬೇಕು. ನಡುವೆ ಓಡುತ್ತಾ ಒಬ್ಬೊಬ್ಬರನ್ನೇ ಭುಜದ ಮೇಲಿಂದ ಎತ್ತಿ ಹಾಕಬೇಕು. ಮೊದಲು 15 ಸೆಕೆಂಡು, ಆಮೇಲೆ 30, ಮತ್ತೆ 30. ನಡುವೆ ಬರೇ 10 ಸೆಕೆಂಡಿನ ಬಿಡುವು. ಮುಗಿದ ಕೂಡಲೇ ಮತ್ತು ಒಂದು ನಿಮಿಷದ ನಂತರ ಹೃದಯ ಬಡಿತ ನೋಡುತ್ತಾರೆ. ಎರಡನ್ನೂ ಕೂಡಿಸಿ, ಒಟ್ಟು ಎಸೆತಗಳಿಂದ ಭಾಗಿಸುತ್ತಾರೆ. ಬಡಿತ 180 ಮತ್ತು 150, ಎಸೆತ 22 ಆದರೆ ಸಿಗುವ ಅಂಕ 15. ಅಂಕ ಕಡಿಮೆಯಾದಷ್ಟೂ ಒಳ್ಳೆಯದು.

ಒಳ್ಳೆಯ ಪರೀಕ್ಷೆಯೇ. ದಮ್ಮು ಎಷ್ಟಿದೆ ಅಂತ ತಿಳಿಯುತ್ತದೆ. ಆದರೆ ಇಲ್ಲಿ ಜೊತೆಗಾರ ಸುಮ್ಮನೆ ನಿಂತಿರುತ್ತಾನೆ. ಎದುರಾಳಿಯ ಹಿಡಿತ ತಪ್ಪಿಸುವುದು, ಅವನ ತೂಕ ಯಾವ ಕಾಲಿನ ಮೇಲಿದೆ ಎಂದು ಕ್ಷಣದಲ್ಲಿ ಗ್ರಹಿಸುವುದು ಇದರಲ್ಲಿ ಕಾಣುವುದಿಲ್ಲ. ದೇಹದಲ್ಲಿ ಚಿಕ್ಕವನಾದ ಹುಡುಗ ಹೆಚ್ಚಾಗಿ ಕಲಿಯುವುದು ಅದನ್ನೇ, ಬಲದಿಂದ ಗೆಲ್ಲಲು ಅವನಿಗೆ ಆಗುವುದಿಲ್ಲವಲ್ಲ!

ಇನ್ನೊಂದು ಭಯ ತೂಕದ್ದು. ಕೆಳಗಿನ ವಿಭಾಗದಲ್ಲಿ ಆಡಿಸಲೆಂದು ಮಕ್ಕಳಿಗೆ ಊಟ, ನೀರು ಕಡಿಮೆ ಮಾಡಿಸುವವರಿದ್ದಾರೆ. ಬೆಳೆಯುವ ದೇಹಕ್ಕೆ ಇದು ದ್ರೋಹ ಮಾರಾಯ್ರೆ. ಜೂಡೋ ಹುಟ್ಟಿದ ಜಪಾನಿನಲ್ಲೇ 2022ರಲ್ಲಿ ಪ್ರಾಥಮಿಕ ಶಾಲಾ ಮಕ್ಕಳ ರಾಷ್ಟ್ರೀಯ ವೈಯಕ್ತಿಕ ಪಂದ್ಯಾವಳಿಯನ್ನು ಅಲ್ಲಿನ ಫೆಡರೇಶನ್ ನಿಲ್ಲಿಸಿಬಿಟ್ಟಿತು. ಮಕ್ಕಳ ತೂಕ ಇಳಿಸುವುದು, ಹೆತ್ತವರು ಮತ್ತು ಕೋಚ್‌ಗಳು ರೆಫರಿ ಮೇಲೆ ಕೂಗಾಡುವುದು ಅಷ್ಟು ಮಿತಿಮೀರಿತ್ತು.

ನಿಮ್ಮ ಮಗ ಅಥವಾ ಮಗಳನ್ನು ಆಯ್ಕೆಯಲ್ಲಿ ಕೈಬಿಟ್ಟರೆ ಕೋಚ್ ಹತ್ತಿರ ಎರಡು ಮಾತು ಕೇಳಿ: ಬೆಳವಣಿಗೆಯ ಹಂತ ಲೆಕ್ಕಕ್ಕೆ ತೆಗೆದುಕೊಂಡಿರಾ? ಮುಂದಿನ ವರ್ಷ ಮತ್ತೆ ನೋಡುತ್ತೀರಾ?