"ಸ್ಟಾಕ್ ಇಲ್ಲ, ಬರೋ ವಾರ ಬಾ!"

ಮೊನ್ನೆ ನಮ್ಮ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿ ಮುಂದೆ ಒಬ್ಬ ತಾಯಿ ನಿಂತಿದ್ದಳು. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು, ಮಗನ ಗುಳಿಗೆಗೆ ಬಂದವಳು. ಒಳಗಿನಿಂದ ಬಂದ ಉತ್ತರ: "ಸ್ಟಾಕ್ ಇಲ್ಲಮ್ಮ, ಬರೋ ವಾರ ಬಾ."

"ಗುಳಿಗೆ ಬಿಟ್ರೆ ಅವನ್ನ ಮತ್ತೆ ಕಟ್ಟಿ ಹಾಕ್ಬೇಕಾಗ್ತೈತ್ರೀ" ಅಂದಳು ಆಕೆ. ಕಿಟಕಿ ಮುಚ್ಚಿತು.

ಆಕೆ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ತಲೆಕೆಟ್ಟವರಿಗೆ ಸರಪಳಿ, ಬರೆ, ಕತ್ತಲೆ ಕೋಣೆ ಇವೇ ಚಿಕಿತ್ಸೆ ಎನಿಸಿದ್ದ ಕಾಲ ಬಹಳ ಹಿಂದಿನದಲ್ಲ. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ಇಬ್ಬರು ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಅದಕ್ಕೂ ಮುಂಚೆ ಆಪರೇಷನ್ ಆಗುವವರನ್ನು ಶಾಂತವಾಗಿಡಲು ಬಳಸಿದ್ದ ಔಷಧಿ ಅದು. ಕೂಗಾಡುತ್ತಿದ್ದವರು ಕೂತು ಮಾತಾಡಿದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಕೊಳೆಯುತ್ತಿದ್ದವರು ಮನೆಯ ದಾರಿ ಕಂಡರು.

ಆ ಔಷಧಿ ಹಳ್ಳಿಗೂ ಮುಟ್ಟಬೇಕು ಅಂತ ತೋರಿಸಿಕೊಟ್ಟಿದ್ದು ಯಾವ ಊರು ಗೊತ್ತೇ? ನಮ್ಮ ಬಳ್ಳಾರಿ! 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಇಲ್ಲಿ ಯೋಜನೆ ಶುರು ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರುಗಳಿಗೇ ತರಬೇತಿ ಕೊಟ್ಟಿತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಮಾದರಿಯಾಗಿದ್ದು ಈ ಬಳ್ಳಾರಿಯೇ. ದೇಶಕ್ಕೆ ಪಾಠ ಹೇಳಿದ ಜಿಲ್ಲೆಯಲ್ಲೇ ಇಂದು ಕಿಟಕಿ ಮುಚ್ಚುತ್ತದೆ ಅಂದರೆ ನಾಚಿಕೆ ಯಾರಿಗೆ?

ಗುಳಿಗೆ ದೇವರೇನಲ್ಲ. ಕೈ ನಡುಗುತ್ತದೆ, ಮಂಪರು ಬರುತ್ತದೆ, ಮೈ ಊದುತ್ತದೆ. "ಈಗ ಹುಷಾರಾಗಿದಾನಲ್ಲ, ಸಾಕು" ಅಂತ ಮನೆಯವರೇ ನಿಲ್ಲಿಸುವುದೂ ಉಂಟು. ಸಂಬಂಧ ತಪ್ಪೀತೆಂದು ಚೀಟಿ ಮುಚ್ಚಿಟ್ಟು ಮದುವೆ ಮಾಡುವವರೂ ಉಂಟು. ಇದನ್ನೆಲ್ಲ ಡಾಕ್ಟರು ಎರಡು ನಿಮಿಷ ಕೂತು, ಕನ್ನಡದಲ್ಲಿ ತಿಳಿಸಿ ಹೇಳಬೇಕು. ಆದರೆ ಗುಳಿಗೆಯೇ ಇಲ್ಲದಿದ್ದರೆ ಹೇಳುವುದೇನನ್ನು?

ಔಷಧಿ ಕೈಗೆ ಸಿಗದ ಕಡೆ ಸರಪಳಿ ಕಾದು ಕೂತಿರುತ್ತದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಜನ. ಪ್ಯಾರಿಸ್ಸಿನ ಆ ಪ್ರಯೋಗ ನಡೆದು ಅಷ್ಟೊತ್ತಿಗೆ 49 ವರ್ಷ ಆಗಿತ್ತು!

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲ ಕಾಲದಲ್ಲೂ ಪುಕ್ಕಟೆ ಸಿಗಬೇಕು ಎಂದಿದೆ. ಎಲ್ಲ ಕಾಲದಲ್ಲೂ ಅಂದರೆ "ಬರೋ ವಾರ" ಅಂತ ಅರ್ಥವಲ್ಲ, ಅಧಿಕಾರಿಗಳೇ!

ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ತಾಲ್ಲೂಕಿನಲ್ಲೂ ಎರಡು ತಿಂಗಳ ಔಷಧಿ ಮುಂಗಡ ದಾಸ್ತಾನು ಇರಲಿ. ಯಾವುದು ಇದೆ, ಯಾವುದು ಇಲ್ಲ ಅನ್ನುವ ಬೋರ್ಡು ಆಸ್ಪತ್ರೆ ಬಾಗಿಲಲ್ಲೇ ತೂಗಲಿ. ತೀರುವ ಮುಂಚೆ ತರಿಸದವರಿಂದ ಲಿಖಿತ ಕಾರಣ ಕೇಳಲಿ.

ಆ ತಾಯಿ ಬರೋ ವಾರ ಮತ್ತೆ ಬರುತ್ತಾಳೆ. ನಾವೂ ಅದೇ ಕಿಟಕಿ ಮುಂದೆ ನಿಂತಿರುತ್ತೇವೆ.